ಕೆಂಪು ಬಾವುಟದ ನಾಲ್ಕು ದಿನ

ನಮ್ಮ ಅಡುಗೆಮನೆಯಲ್ಲಿ ಮೂರನೆಯ ಡ್ರಾಯರ್ ಅಂತ ಒಂದಿದೆ. ಎಲ್ಲಿಗೂ ಸೇರದ ವಸ್ತುಗಳು ಕೊನೆಗೆ ಅಲ್ಲಿಗೆ ಸೇರುತ್ತವೆ. ಹಳೆಯ ಕುಕ್ಕರಿನ ರಬ್ಬರ್ ಉಂಗುರ, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ, ಮಗಳ ಶಾಲೆಯ ಬ್ಯಾಡ್ಜು, ಅರ್ಧ ಉರಿದ ಹುಟ್ಟುಹಬ್ಬದ ಮೇಣದಬತ್ತಿ. ಹೋದ ತಿಂಗಳು ಒಂದು ಭಾನುವಾರ ಕರಿಬೇವಿನ ಪೊಟ್ಟಣಕ್ಕೆ ಸುತ್ತಲು ರಬ್ಬರ್ ಬ್ಯಾಂಡ್ ಬೇಕಾಗಿ ಅದರೊಳಗೆ ಕೈ ಹಾಕಿದೆ. ಕೈಗೆ ಬಂದದ್ದು ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಪಟ್ಟಿ. ಒಂದು ಬೆರಳಗಲ, ಒಂದು ಗೇಣುದ್ದ, ತುದಿಯಲ್ಲಿ ಕತ್ತರಿ ಹಾಕಿದ ಗುರುತು.

ಇಂಥ ಪಟ್ಟಿಯನ್ನು ನೀವೂ ನೋಡಿರಬಹುದು. ಆಸ್ಪತ್ರೆಯಲ್ಲಿ ರೋಗಿಗಳ ಕೈಗೆ ಕಟ್ಟುತ್ತಾರೆ. ದೊಡ್ಡ ಹೋಟೆಲುಗಳಲ್ಲಿ, ಊಟ ತಿಂಡಿ ಆಟೋಟ ಎಲ್ಲವೂ ಸೇರಿದ ಪ್ಯಾಕೇಜಿನಲ್ಲಿ ಬಂದವರ ಕೈಗೂ ಕಟ್ಟುತ್ತಾರೆ. ಒಮ್ಮೆ ಕಟ್ಟಿದರೆ ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಇದು ಕಳೆದ ವರ್ಷ ಜೂನ್ ತಿಂಗಳಲ್ಲಿ ನಾಲ್ಕು ದಿನ ನನ್ನ ಕೈಯಲ್ಲಿದ್ದ ಪಟ್ಟಿ. ಮನೆಗೆ ಬಂದ ದಿನವೇ ಕತ್ತರಿಸಿ ಕಸದ ಡಬ್ಬಕ್ಕೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅಂದಮೇಲೆ ಅಲ್ಲಿಂದ ಯಾರೋ ಎತ್ತಿಟ್ಟಿದ್ದಾರೆ. ಈ ಮನೆಯಲ್ಲಿ ಇರುವವರು ಇಬ್ಬರೇ, ಅವರಲ್ಲಿ ನಾನು ಎತ್ತಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ, ಒಗ್ಗರಣೆ ಹೊತ್ತಿಹೋಯಿತು.

ಈ ಪಟ್ಟಿ ಕಟ್ಟಿದ ದ್ವೀಪದ ಕತೆಯನ್ನು ನಾನು ದೆಹಲಿಯಲ್ಲಿ ನಾವಿರುವ ಕಿದ್ವಾಯಿ ನಗರದಲ್ಲಿ ಎಲ್ಲರಿಗೂ ಒಂದು ರೀತಿಯಲ್ಲಿ ಹೇಳಿದ್ದೇನೆ. ನಿಮಗೆ ಇನ್ನೊಂದು ರೀತಿಯಲ್ಲಿ ಹೇಳಬೇಕೆಂದಿದ್ದೇನೆ. ಸ್ವಲ್ಪ ಹಿಂದಿನಿಂದ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ. ನಮ್ಮ ಬೀದಿಗೆ ನಲ್ಲಿ ನೀರು ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ, ಅದೂ ಒಂದು ಗಂಟೆ. ಮೈ ತೊಳೆಯಲು ತಲೆಗೊಂದು ಬಕೆಟ್, ಅದರಲ್ಲಿ ಕೊನೆಯ ಎರಡು ಚೊಂಬು ಬಟ್ಟೆ ಜಾಲಿಸಲು ಉಳಿಸಬೇಕು. ಹಾಗಾಗಿ ನೀರಿನೊಳಗೆ ಇಡೀ ದೇಹವನ್ನು ಮುಳುಗಿಸುವುದು ಎಂಬುದೇ ನನಗೆ ದೊಡ್ಡ ಐಶ್ವರ್ಯವಾಗಿ ಕಾಣುತ್ತಿತ್ತು. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಕಾರವಾರಕ್ಕೆ ಪ್ರವಾಸ ಹೊರಟಿತು. ಒಂದು ತಿಂಗಳಿಂದ ನಾನು ಮಂಚದ ಮೇಲೆ ಬೋರಲು ಮಲಗಿ ಕೈಕಾಲು ಬಡಿದು ಅಭ್ಯಾಸ ಮಾಡಿದ್ದೆ. ಹೊರಡುವ ಹಿಂದಿನ ದಿನ ಮೈಮೇಲೆ ಅಮ್ಮ ಎದ್ದಿತು. ಬೇವಿನ ಸೊಪ್ಪಿನ ಮೇಲೆ ಮಲಗಿಕೊಂಡು, ಬಸ್ಸು ನಮ್ಮ ಬೀದಿಯ ಕೊನೆಯಲ್ಲಿ ಹಾರ್ನ್ ಮಾಡಿದ್ದನ್ನು ಕೇಳಿಸಿಕೊಂಡೆ.

ನನ್ನ ಗೆಳತಿ ನಾಗರತ್ನ ವಾಪಸು ಬಂದವಳು ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಸಮುದ್ರದ ನೀರು ತಂದುಕೊಟ್ಟಳು. ಹೇಗಿತ್ತು ಅಂತ ಕೇಳಿದೆ. “ಏನಿಲ್ಲ ಕಣೇ, ನೀರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ನಮ್ಮ ನಲ್ಲಿ ಹಾಗಲ್ಲ, ಹೋದ್ರೆ ಹೋಯ್ತು” ಅಂದಳು. ಅವಳು ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳಿದಳೋ, ನಿಜವಾಗಿ ಅವಳಿಗೆ ಅಷ್ಟೇ ಅನ್ನಿಸಿತೋ ಗೊತ್ತಿಲ್ಲ. ಬಾಟಲಿಯ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪಿನ ಜೊತೆ ಕೆಮ್ಮಿನ ಔಷಧಿಯ ರುಚಿಯೂ ಇತ್ತು. ಸಮುದ್ರ ಎಂದರೆ ಇವತ್ತಿಗೂ ನನಗೆ ಮೊದಲು ನೆನಪಾಗುವುದು ಆ ತುಳಸಿ, ಜೇನಿನ ವಾಸನೆ.

ಆಮೇಲೆ ಸಮುದ್ರ ನೋಡಿಲ್ಲವೆಂದಲ್ಲ. ತರಬೇತಿಗೆಂದು ಮುಂಬಯಿಗೆ ಹೋದಾಗ ನೋಡಿದೆ, ಚೆನ್ನೈನಲ್ಲಿ ಮದುವೆಗೆ ಹೋದಾಗ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ನೋಡಿದೆ. ನೋಡಿದ್ದು ಬೇರೆ, ಇಳಿದದ್ದು ಬೇರೆ. ದೆಹಲಿಗೆ ಬಂದು ಮೂವತ್ತನಾಲ್ಕು ವರ್ಷವಾಯಿತು. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಕೆಳಗಿನ ದರ್ಜೆಯ ಗುಮಾಸ್ತೆಯಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿದ್ದೇನೆ. ಐವತ್ತೇಳು ತುಂಬಿದ ದಿನ ಪಕ್ಕದ ಟೇಬಲ್ಲಿನವರು ಕೇಕು ಕತ್ತರಿಸಿ, “ಇನ್ನೇನು ಮೇಡಂ, ಮೂರು ವರ್ಷ” ಅಂದರು. ಅವತ್ತು ಸಂಜೆ ಬಸ್ಸಿನಲ್ಲಿ ಕೂತು, ನಿವೃತ್ತಿಯಾಗುವ ಮೊದಲು ಸಮುದ್ರದಲ್ಲಿ ಈಜಬೇಕು ಎಂದು ತೀರ್ಮಾನ ಮಾಡಿದೆ. ಬೇರೆ ಯಾವ ಆಸೆಯೂ ಹೊಳೆಯಲಿಲ್ಲ.

ಈಜು ಬರಬೇಕಲ್ಲ. ಸರೋಜಿನಿ ನಗರದ ಮಾರುಕಟ್ಟೆಗೆ ಹೋಗಿ ಈಜುಡುಗೆ ಕೇಳಿದೆ. ಅಂಗಡಿಯ ಭಯ್ಯಾ, “ಆಂಟೀಜಿ, ಬಚ್ಚೀ ಕಿತ್ನೇ ಸಾಲ್ ಕೀ ಹೈ?” ಅಂದ. ಮಗುವಿಗೆ ಐವತ್ತೇಳು ವರ್ಷ ಎಂದೆ. ಅವನು ನನ್ನ ಮುಖ ನೋಡಿ, ತೋಳು ಮೊಣಕಾಲು ಎಲ್ಲ ಮುಚ್ಚುವ ಕಪ್ಪು ಉಡುಗೆಯೊಂದನ್ನು ಮೇಲಿನ ಅಟ್ಟದಿಂದ ಇಳಿಸಿಕೊಟ್ಟ. ಅದನ್ನು ಮೊದಲ ಸಲ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ತೆಗೆಯಲು ಇನ್ನೂ ಹೆಚ್ಚು.

ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಒಂದು ಈಜುಕೊಳವಿದೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ತೆರೆದಿರುತ್ತದೆ, ಬೆಳಿಗ್ಗೆ ಆರಕ್ಕೆ ಹೆಂಗಸರ ಬ್ಯಾಚು. ಕಲಿಸುವವಳು ಬಬಿತಾ ಎಂಬ ಹರಿಯಾಣದ ಹುಡುಗಿ. ಅವಳ ಪಾಠ ಒಂದೇ ಸಾಲು: “ಮೂಂಹ್ ಬಂದ್, ನಾಕ್ ಬಂದ್, ದಿಮಾಗ್ ಬಂದ್.” ಬಾಯಿ ಮೂಗು ಮುಚ್ಚುವುದು ಒಂದು ವಾರದಲ್ಲಿ ಬಂತು. ತಲೆಯನ್ನು ಮುಚ್ಚುವುದು ಬರಲಿಲ್ಲ. ನೀರಿನಲ್ಲಿ ಮುಖ ಇಟ್ಟ ಕೂಡಲೇ ನನಗೆ ಬಾಕಿ ಉಳಿದ ಫೈಲುಗಳೆಲ್ಲ ಕಣ್ಣ ಮುಂದೆ ಬರುತ್ತಿದ್ದವು. ಆದರೂ ಬಿಡಲಿಲ್ಲ. ನಾಲ್ಕನೆಯ ತಿಂಗಳಿಗೆ ಕೊಳದ ಅಡ್ಡಗಲ ಈಜಿದೆ, ಐದನೆಯ ತಿಂಗಳಿಗೆ ಹೋಗಿ ಬಂದೆ. ಎಲ್ಲ ಆಳ ಕಡಿಮೆ ಇರುವ ಕಡೆಯಲ್ಲೇ. ನಿಂತರೆ ನೀರು ಎದೆಮಟ್ಟ. ಸುಸ್ತಾದರೆ ಕಾಲು ಕೆಳಗಿಟ್ಟರಾಯಿತು, ಟೈಲ್ಸ್ ಹಾಕಿದ ನೆಲ ಅಲ್ಲೇ ಇರುತ್ತದೆ. ಈ ನೆಲದ ವಿಷಯ ಮುಂದೆ ಬರುತ್ತದೆ.

ಇಷ್ಟೂ ದಿನ ಕೊಳದ ಹೊರಗಿನ ಬೆಂಚಿನ ಮೇಲೆ ಫ್ಲಾಸ್ಕು ಇಟ್ಟುಕೊಂಡು ಪೇಪರ್ ಓದುತ್ತಿದ್ದವರು ನಮ್ಮ ಮನೆಯವರು. ಇವರೂ ಕೇಂದ್ರ ಸರ್ಕಾರದವರೇ, ಬೇರೆ ಇಲಾಖೆಯ ಆಡಳಿತ ವಿಭಾಗದಲ್ಲಿದ್ದು ನಿವೃತ್ತರಾದರು. ರಜೆಯ ನಿಯಮ, ಭತ್ಯೆಯ ನಿಯಮ ಇವರಿಗೆ ಬಾಯಿಪಾಠ. ಇವರು ನೀರಿಗೆ ಇಳಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ. ಒಮ್ಮೆ ನನಗೆ ತಲೆನೋವು ಬಂದು ಮಲಗಿದ್ದಾಗ ಆಫೀಸಿನಿಂದ ಫೋನು ಬಂತು. ಮನೆಯಲ್ಲಿಲ್ಲ ಅನ್ನಿ ಎಂದು ಸನ್ನೆ ಮಾಡಿದೆ. ಇವರು ಫೋನಿನಲ್ಲಿ, “ಮನೆಯಲ್ಲೇ ಇದ್ದಾರೆ, ಇಲ್ಲ ಅಂತ ಹೇಳೋಕೆ ಹೇಳ್ತಿದ್ದಾರೆ” ಅಂದರು. ಅಂಥವರ ಜೊತೆ ಮೂವತ್ತೆರಡು ವರ್ಷ ಸಂಸಾರ ಮಾಡಿದ್ದೇನೆ.

ಈಗ ನಮ್ಮ ತಪ್ಪಿನ ವಿಷಯ. ಸರ್ಕಾರಿ ನೌಕರರಿಗೆ ಊರಿಗೆ ಹೋಗಿಬರಲು ಸರ್ಕಾರವೇ ಪ್ರಯಾಣದ ಖರ್ಚು ಕೊಡುವ ಒಂದು ಸವಲತ್ತಿದೆ. ಊರಿನ ಬದಲು ಸಮುದ್ರದ ನಡುವಿನ ದ್ವೀಪಕ್ಕೂ ಹೋಗಬಹುದು. ಚಳ್ಳಕೆರೆಯನ್ನು ಬಿಟ್ಟು ದ್ವೀಪ ಅಂತ ಆಯಿತು. ಯಾವ ತಿಂಗಳು? ಸಂಸತ್ತಿನ ಅಧಿವೇಶನ ನಡೆಯುವಾಗ ನಮ್ಮ ಸೆಕ್ಷನ್ನಿನಲ್ಲಿ ರಜೆ ಸಿಗುವುದಿಲ್ಲ. ಇವರು ಕ್ಯಾಲೆಂಡರ್ ಹಿಡಿದು, “ಜೂನ್ ಸರಿ. ದೆಹಲಿ ಬೇಯ್ತಿರುತ್ತೆ, ನಾವು ಸಮುದ್ರದ ಹತ್ತಿರ ತಂಪಾಗಿರಬಹುದು” ಅಂದರು. ನಾನು, ಹೌದಲ್ಲ, ಬಿಸಿಲು ಚೆನ್ನಾಗಿರುತ್ತೆ ಎಂದೆ. ನೋಯ್ಡಾದಲ್ಲಿ ಕೆಲಸ ಮಾಡುವ ನಮ್ಮ ಮಗಳು ಅನಘಾ ಹೋಟೆಲು ಬುಕ್ ಮಾಡಿದಳು. ಜೂನ್ ತಿಂಗಳಲ್ಲಿ ಖಾಲಿ ಇದೆ, ಒಳ್ಳೆಯ ರೂಮು ಸಿಕ್ಕಿತು ಎಂದು ಖುಷಿಪಟ್ಟಳು.

ಜೂನ್ ಎಂದರೆ ಮಳೆಗಾಲ. ಶಾಲೆ ಶುರುವಾಗುವ ದಿನವೇ ಹೊಸ ಕೊಡೆ ಹಿಡಿದು ಹೋದವರು ನಾವು. ಇವರಂತೂ ಮಂಡ್ಯದವರು, ಜೂನ್ ಬಂದರೆ ಮುಗಿಲು ನೋಡುವವರ ಮನೆಯಲ್ಲಿ ಬೆಳೆದವರು. ಆದರೆ ದೆಹಲಿಯಲ್ಲಿ ಮೂರು ದಶಕ ಬೆಂದ ಮೇಲೆ ಜೂನ್ ಎಂದರೆ ಕೂಲರ್‌ಗೆ ನೀರು ತುಂಬುವ ತಿಂಗಳು, ಬೇರೇನೂ ಅಲ್ಲ. ದೇಶಕ್ಕೆಲ್ಲ ಬೇಸಿಗೆ ಇದೆ ಎಂದೇ ಇಬ್ಬರೂ ನಂಬಿದ್ದೆವು. ಸಮುದ್ರದ ಗಾಳಿಗೆ ನಮ್ಮ ಸಚಿವಾಲಯದ ರಜಾಪಟ್ಟಿ ತಲುಪಿರಲಿಲ್ಲ.

ವಿಮಾನದಿಂದ ಇಳಿದು ಹಡಗು ಹತ್ತಿದೆವು. ಹಡಗಿನಲ್ಲಿ ನಡೆದದ್ದನ್ನು ಬರೆಯುವುದಿಲ್ಲ, ಓದುವವರಲ್ಲಿ ಕೆಲವರು ಊಟ ಮಾಡಿ ಕೂತಿರಬಹುದು. ದಡಕ್ಕೆ ಇಳಿದಾಗ ನನ್ನ ದುಪಟ್ಟಾ ಕತ್ತಿಗೆ ಸುತ್ತಿಕೊಂಡು ಬಾಯಿ ಮುಚ್ಚಿತು. ಹೋಟೆಲಿನ ಸ್ವಾಗತದಲ್ಲಿ ಕೂತಿದ್ದ ಹುಡುಗಿ ನನ್ನ ಕೈಗೆ ಈ ಕಿತ್ತಳೆ ಪಟ್ಟಿ ಕಟ್ಟಿ, ಪ್ಯಾಕೇಜಿನಲ್ಲಿ ಏನೇನು ಸೇರಿದೆ ಎಂಬ ಪಟ್ಟಿಯನ್ನು ಕೊಟ್ಟಳು. ಇವರು ಅದನ್ನು ಸರ್ಕಾರಿ ಸುತ್ತೋಲೆಯನ್ನು ಓದುವ ಹಾಗೆ ಪೆನ್ನು ಹಿಡಿದು ಓದಿದರು. ದೋಣಿ ಹುಟ್ಟುಹಾಕುವುದು, ಹವಳ ನೋಡುವುದು, ಮರಳಿನ ಮೇಲೆ ಕ್ಯಾಂಪ್ ಫೈರ್, ಮೇಣದಬತ್ತಿಯ ಬೆಳಕಿನಲ್ಲಿ ಊಟ. ಒಂದೊಂದಕ್ಕೂ ಹುಡುಗಿ ಮೆತ್ತಗೆ, “ಸರ್, ಆಜ್ ಹವಾ ಹೈ” ಎನ್ನುತ್ತಿದ್ದಳು. ಇವತ್ತು ಗಾಳಿ ಇದೆ.

ಗಾಳಿ ಇವತ್ತಿಗಷ್ಟೇ ಇರಲಿಲ್ಲ, ನಾಳೆಗೂ ಇತ್ತು. ಹೋಟೆಲಿನ ಈಜುಕೊಳದಲ್ಲಿ ತೆಂಗಿನ ಗರಿಗಳು ಈಜುತ್ತಿದ್ದವು. ಮೇಣದಬತ್ತಿಯ ಊಟವನ್ನು ಮೀಟಿಂಗ್ ಹಾಲಿಗೆ ಸಾಗಿಸಿ, ಟ್ಯೂಬ್‌ಲೈಟಿನ ಕೆಳಗೆ ನಮ್ಮಿಬ್ಬರಿಗೆ ಒಂದು ಉದ್ದನೆಯ ಟೇಬಲ್ಲು ಹಾಕಿದ್ದರು. ಮೇಣದಬತ್ತಿಯನ್ನೂ ಇಟ್ಟಿದ್ದರು, ಪಟ್ಟಿಯಲ್ಲಿ ಇದೆಯಲ್ಲ. ಬಡಿಸಿದ್ದು ಪನೀರ್ ಬಟರ್ ಮಸಾಲಾ. ಕರೋಲ್ ಬಾಗಿನಲ್ಲಿ ಸಿಗುವ ಅದೇ ಪನೀರನ್ನು ತಿನ್ನಲು ಸಮುದ್ರ ದಾಟಿ ಬಂದಿದ್ದೆವು. ಇವರು ಮಾತ್ರ ಯಾವುದನ್ನೂ ಬಿಡಲಿಲ್ಲ. ಬೆಳಿಗ್ಗೆ ಪೂರಿಯ ಮೇಲೆ ಕಾರ್ನ್‌ಫ್ಲೇಕ್ಸ್, ಅದರ ಮೇಲೆ ಕಲ್ಲಂಗಡಿ ಹಣ್ಣು. ಯಾಕೆ ರೀ ಎಂದರೆ, “ಸೇರಿದೆ” ಎನ್ನುತ್ತಿದ್ದರು.

ಸಮುದ್ರಕ್ಕೆ ಮೊದಲು ಇಳಿದದ್ದು ನಾನಲ್ಲ, ಇವರು. ಸರ್ಕಾರಿ ಪ್ರಯಾಣ ಮಾಡಿದವರಿಗೆ ಗೊತ್ತು, ಬೋರ್ಡಿಂಗ್ ಪಾಸು ಕಳೆದುಹೋದರೆ ನೀವು ವಿಮಾನದಲ್ಲಿ ಹೋದದ್ದೇ ಸುಳ್ಳು. ಇವರು ನಮ್ಮಿಬ್ಬರ ಪಾಸುಗಳನ್ನು ಹೋಟೆಲಿನ ರೂಮಿನಲ್ಲಿಡಲು ನಂಬದೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೊದಲ ಸಂಜೆ ದಡಕ್ಕೆ ಬಂದರು. ಗಾಳಿ ಬಂದು ಜೇಬಿನಿಂದ ಒಂದನ್ನು ಎತ್ತಿಕೊಂಡು ಹೋಯಿತು. ಐವತ್ತು ವರ್ಷದಿಂದ ಬಾವಿಯ ಹತ್ತಿರವೂ ನಿಲ್ಲದ ಮನುಷ್ಯ ಬೂಟು ಹಾಕಿಕೊಂಡೇ ಓಡಿ, ಮೊಣಕಾಲಿನ ತನಕ ನೀರಿಗಿಳಿದು, ಅಲೆಯಿಂದ ಅದನ್ನು ಹಿಡಿದರು. ದಡದಲ್ಲಿ ನಿಂತಿದ್ದ ಕಾವಲಿನವನು ಸೀಟಿ ಊದಿ ಊದಿ ಸುಸ್ತಾದ. ಆ ರಾತ್ರಿ ಇವರು ಬೋರ್ಡಿಂಗ್ ಪಾಸಿನ ಮೇಲೆ ಕರವಸ್ತ್ರ ಹಾಕಿ ಇಸ್ತ್ರಿ ಮಾಡಿದರು. ನೀರು ಹೇಗಿತ್ತು ರೀ ಎಂದು ಕೇಳಿದೆ. “ಗಮನಿಸಲಿಲ್ಲ” ಅಂದರು.

ಕಾವಲಿನವನ ಹೆಸರು ಜೋಸೆಫ್. ನಲವತ್ತೈದರ ಗಟ್ಟಿ ಆಳು, ರಾಂಚಿಯ ಕಡೆಯಿಂದ ಬಂದು ನೆಲೆಸಿದವರ ಪೈಕಿ. ದಡದಲ್ಲಿ ಒಂದು ಕಂಬ, ಅದರ ಮೇಲೆ ಕೆಂಪು ಬಾವುಟ. ಕೆಂಪು ಇದ್ದರೆ ಯಾರೂ ನೀರಿಗೆ ಇಳಿಯುವಂತಿಲ್ಲ. ನಾನು ದಿನಾ ಬೆಳಿಗ್ಗೆ ಐದೂವರೆಗೆ ಕಪ್ಪು ಈಜುಡುಗೆಯ ಮೇಲೆ ನೈಟಿ, ನೈಟಿಯ ಮೇಲೆ ಶಾಲು ಹೊದ್ದುಕೊಂಡು ಕಂಬದ ಹತ್ತಿರ ಹೋಗುತ್ತಿದ್ದೆ. ಮೊದಲ ದಿನ ಕೆಂಪು. ಎರಡನೆಯ ದಿನ ಕೆಂಪು. ಮೂರನೆಯ ದಿನವೂ ಕೆಂಪು, ಜೊತೆಗೆ ಬಾವುಟದ ಅಂಚು ಹರಿದಿತ್ತು. ಎರಡನೆಯ ದಿನ ಜೋಸೆಫನ ಜೊತೆ ವಾದ ಮಾಡಿದೆ. ಆರು ತಿಂಗಳು ಕಲಿತಿದ್ದೇನೆ, ಹತ್ತೇ ನಿಮಿಷ ಬಿಡು ಎಂದೆ. ಅವನು, “ಮೇಡಂ, ಸಮಂದರ್ ನೇ ಕುಛ್ ನಹೀ ಸೀಖಾ” ಅಂದ. ಸಮುದ್ರ ಏನೂ ಕಲಿತಿಲ್ಲವಂತೆ. ಅನಘಾ ಫೋನಿನಲ್ಲಿ, “ಅಮ್ಮಾ, ಪ್ಲೀಸ್, ಝಿದ್ ಮಾಡ್ಬೇಡ. ಫೋಟೋ ತೆಗ್ಸ್ಕೊಂಡು ಬಾ, ದಟ್ಸ್ ಇನಫ್” ಎನ್ನುತ್ತಿದ್ದಳು. ಅದರಿಂದ ನನ್ನ ಹಟ ಇನ್ನೂ ಹೆಚ್ಚಾಯಿತು. ಗಾಳಿ ನಿಲ್ಲುವವರೆಗೆ ಇಲ್ಲೇ ಕೂರುತ್ತೇನೆ ಎಂದು ಮೂರನೆಯ ದಿನವಿಡೀ ಮರಳಿನ ಮೇಲೆ ಕೂತೆ. ಕಿವಿಯೊಳಗಿನ ಮರಳು ದೆಹಲಿಗೆ ಬಂದು ಎರಡು ವಾರದವರೆಗೂ ಉದುರುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕತೆ. ನಾಲ್ಕನೆಯ ಬೆಳಿಗ್ಗೆಯದು ಗೊತ್ತಿಲ್ಲ.

ನಾಲ್ಕನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಸದ್ದಿಲ್ಲದ್ದರಿಂದ. ಮೂರು ದಿನ ಕಿಟಕಿಯನ್ನು ಅಲ್ಲಾಡಿಸಿದ ಗಾಳಿ ನಿಂತುಹೋಗಿತ್ತು. ಇವರನ್ನು ಎಬ್ಬಿಸಿದೆ. ದಡಕ್ಕೆ ಹೋದಾಗ ಜೋಸೆಫ್ ಕೆಂಪು ಬಾವುಟ ಇಳಿಸಿ ಹಳದಿ ಕಟ್ಟುತ್ತಿದ್ದ. ನನ್ನನ್ನು ನೋಡಿ ನಕ್ಕ. “ಆಯಿಯೇ ಮೇಡಂ. ಆಧಾ ಘಂಟಾ. ಮೈ ಸಾಥ್ ಹೂಂ” ಅಂದ. ಅರ್ಧ ಗಂಟೆ ಇದೆ, ಜೊತೆಗಿರುತ್ತೇನೆ ಎಂದು. ನೈಟಿ ಶಾಲು ತೆಗೆದು ಇವರ ಕೈಗೆ ಕೊಟ್ಟೆ. ಇವರು ಟವಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

ಪಾದ ಮುಳುಗಿತು. ನೀರು ಬೆಚ್ಚಗಿತ್ತು, ನಾನು ತಣ್ಣಗಿರುತ್ತದೆ ಎಂದುಕೊಂಡಿದ್ದೆ. ಮೊಣಕಾಲಿಗೆ ಬಂತು. ಆಗ ಒಂದು ಅಲೆ ವಾಪಸು ಹೋಯಿತು, ಹೋಗುವಾಗ ನನ್ನ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ಹಿಮ್ಮಡಿ ಕುಸಿಯಿತು. ನಾನು ಕಲಿತ ಕೊಳದಲ್ಲಿ ನೆಲ ಎಂದೂ ಎಲ್ಲಿಗೂ ಹೋದದ್ದಿಲ್ಲ. ಜೋಸೆಫ್ ಸೊಂಟಮಟ್ಟದ ನೀರಿನಲ್ಲಿ ನಿಂತು ಕೈ ಚಾಚಿದ್ದ. ಇನ್ನು ನಾಲ್ಕು ಹೆಜ್ಜೆ. ಚಳ್ಳಕೆರೆಯ ಮಂಚದ ಮೇಲೆ ಕೈಕಾಲು ಬಡಿದವಳಿಗೆ, ಆರು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದವಳಿಗೆ, ನಾಲ್ಕು ಹೆಜ್ಜೆ ಇಡಲು ಆಗಲಿಲ್ಲ.

“ಹವಾ ಹೈ” ಎಂದೆ.

ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಜೋಸೆಫ್ ನನ್ನ ಮುಖವನ್ನೊಮ್ಮೆ, ಹಿಂದಿನ ತೆಂಗಿನ ಮರಗಳನ್ನೊಮ್ಮೆ ನೋಡಿದ. ಚಾಚಿದ ಕೈಯನ್ನು ನಿಧಾನವಾಗಿ ಇಳಿಸಿದ. “ಜೀ ಮೇಡಂ. ಹವಾ ಹೈ” ಅಂದ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾವ ಅಧಿಕಾರಿಯೂ ನಡೆಸಿಕೊಂಡಿಲ್ಲ. ನಾನು ತಿರುಗಿ ದಡಕ್ಕೆ ಬಂದೆ. ಮೊಣಕಾಲಿನ ಮೇಲೆ ಒಣಗಿಯೇ ಇದ್ದ ನನಗೆ ಇವರು ಟವಲು ಹೊದಿಸಿದರು. “ಟೀ ಕುಡಿಯೋಣ ಬಾ. ಸೇರಿದೆ” ಅಂದರು. ಮಧ್ಯಾಹ್ನ ಹಡಗು ಹತ್ತಿದೆವು.

ದೆಹಲಿಗೆ ಬಂದ ಸಂಜೆಯೇ ನಮ್ಮ ಈಜಿನ ಬ್ಯಾಚಿನ ಹಿರಿಯಳಾದ ಚಾವ್ಲಾಜಿಯ ಫೋನು. ಅರವತ್ತೈದು ವರ್ಷದ ಪಂಜಾಬಿ ಹೆಂಗಸು, ನಾನು ಹೊರಡುವ ಮೊದಲು ಎಲ್ಲರನ್ನೂ ಸೇರಿಸಿ ಸಮೋಸಾ ತಿನ್ನಿಸಿ ಬೀಳ್ಕೊಟ್ಟವಳು. ಸ್ಪೀಕರಿನಲ್ಲಿ ಅವಳ ಗಂಟಲು ಮನೆಯೆಲ್ಲ ತುಂಬಿತು. ಸಮುದ್ರದಲ್ಲಿ ಈಜಿದೆಯಾ ಎಂದು ಕೇಳಿದಳು. ನಾನು ಅದು ಏನಾಯಿತೆಂದರೆ ಎಂದು ತೊದಲಿದೆ. ಆಗ ಪೇಪರಿನ ಹಿಂದಿನಿಂದ ಇವರ ಧ್ವನಿ ಬಂತು, ಸ್ಪಷ್ಟವಾಗಿ, ಟಿಪ್ಪಣಿ ಓದಿದ ಹಾಗೆ: “ಚಾರೋಂ ದಿನ್ ಲಾಲ್ ಝಂಡಾ ಥಾ.” ನಾಲ್ಕೂ ದಿನ ಕೆಂಪು ಬಾವುಟ ಇತ್ತು.

ನಾನು ಅಡುಗೆಮನೆಗೆ ಹೋಗಿ ಕತ್ತರಿ ತೆಗೆದುಕೊಂಡು ಕೈಯ ಪಟ್ಟಿಯನ್ನು ಕತ್ತರಿಸಿ ಕಸದ ಡಬ್ಬಕ್ಕೆ ಎಸೆದೆ. ಮುಖದ ಮೇಲೆ ನೀರು ಚಿಮುಕಿಸಿಕೊಂಡು ಅತ್ತೆ. ನಾಚಿಕೆಗೆ ಅತ್ತೆನೋ, ಆ ಮನುಷ್ಯ ನನಗಾಗಿ ಹೇಳಿದ ಮೊದಲ ಸುಳ್ಳಿಗೆ ಅತ್ತೆನೋ ಹೇಳಲಾರೆ. ಆಮೇಲೆ ಈಜುಕೊಳಕ್ಕೆ ಹೋಗುವುದನ್ನು ಬಿಟ್ಟೆ. ಮೊಣಕಾಲು ನೋವು ಎಂದೆ. ಕೇಳಿದವರಿಗೆಲ್ಲ ಗಾಳಿಯ ಕತೆ ಹೇಳಿದೆ, ಹೇಳುತ್ತ ಹೇಳುತ್ತ ಅದಕ್ಕೆ ಬಣ್ಣವೂ ಬಂತು. ಗಾಳಿಗೆ ಹಾರಿದ ಬೋರ್ಡಿಂಗ್ ಪಾಸಿಗೆ ಜನ ಹೊಟ್ಟೆ ಹಿಡಿದು ನಕ್ಕರು. ಹಬ್ಬದ ದಿನ ಕನ್ನಡದವರೆಲ್ಲ ಸೇರಿದಾಗ, “ಶಾರದಮ್ಮ, ಆ ಗಾಳಿ ಕತೆ ಹೇಳಿ” ಎಂದು ಕೇಳಿ ಹೇಳಿಸುತ್ತಿದ್ದರು. ಇವರು ಎದ್ದು ಬಾಲ್ಕನಿಗೆ ಹೋಗುತ್ತಿದ್ದರು.

ಹದಿನೈದು ತಿಂಗಳು ಹೀಗೇ ಕಳೆಯಿತು. ಆ ಭಾನುವಾರ ಡ್ರಾಯರಿನಿಂದ ಪಟ್ಟಿ ಹೊರಬಂತು. ಹೊತ್ತಿಹೋದ ಒಗ್ಗರಣೆಯ ಹೊಗೆಯಲ್ಲೇ ಇವರ ಮುಂದೆ ಹೋಗಿ ನಿಂತೆ.

“ರೀ, ಇದನ್ನ ಡಬ್ಬದಿಂದ ಎತ್ತಿದ್ದು ನೀವಾ?”

“ಹೌದು.”

“ಯಾಕೆ?”

“ವಿಷಯ ಇನ್ನೂ ಮುಗಿದಿಲ್ಲ ಅನ್ನಿಸ್ತು. ಮುಗೀದೆ ಕಾಗದ ಎಸೆಯೋ ಹಾಗಿಲ್ಲ.”

“ಇದು ಕಾಗದ ಅಲ್ಲ, ಪ್ಲಾಸ್ಟಿಕ್ಕು.”

“ಅದಕ್ಕೇ ಡ್ರಾಯರ್‌ನಲ್ಲಿಟ್ಟೆ. ಕಾಗದ ಆಗಿದ್ರೆ ಫೈಲಲ್ಲಿ ಇಡ್ತಿದ್ದೆ” ಅಂದರು. ಆಮೇಲೆ, “ಶಾರದಾ, ಒಂದು ಸಲ ಹೇಳಿದ್ದೀನಿ. ಇನ್ನೊಂದು ಸಲ ಹೇಳು ಅನ್ಬೇಡ. ನನಗೆ ಆಗಲ್ಲ” ಅಂದರು.

ನನಗೆ ಸಿಟ್ಟು ಬಂತು. ಇವರ ಮೇಲಲ್ಲ. ಮಾರನೆಯ ದಿನ ಬೆಳಿಗ್ಗೆ ಕಪ್ಪು ಉಡುಗೆಯನ್ನು ಟ್ರಂಕಿನಿಂದ ತೆಗೆದು, ನುಸಿಗುಳಿಗೆಯ ವಾಸನೆಯೊಂದಿಗೇ ಹಾಕಿಕೊಂಡು ಕೊಳಕ್ಕೆ ಹೋದೆ. ಋತು ಮುಗಿಯಲು ಮೂರು ವಾರ ಉಳಿದಿತ್ತು. ಬ್ಯಾಚಿನ ಹೆಂಗಸರೆಲ್ಲ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮೊಣಕಾಲು ಹೇಗಿದೆ ಎಂದರು. ಮೊಣಕಾಲಿಗೆ ಏನೂ ಆಗಿಲ್ಲ, ನಾಲ್ಕನೆಯ ದಿನ ಬಾವುಟ ಹಳದಿ ಇತ್ತು, ಗಾಳಿ ಇರಲಿಲ್ಲ, ನಾನು ಹೆದರಿದೆ ಎಂದು ಹೇಳಿದೆ. ಹೇಳಿ ಮುಗಿಸಲು ಎರಡು ನಿಮಿಷ ಸಾಕಾಯಿತು. ಚಾವ್ಲಾಜಿ ಟೋಪಿಯೊಳಗೆ ಕೂದಲು ತುರುಕಿಕೊಳ್ಳುತ್ತ, “ತೋ? ಫಿರ್ ಸೇ ಜಾವೋ” ಅಂದಳು. ಅದಕ್ಕೇನೀಗ, ಮತ್ತೆ ಹೋಗು. ಆಮೇಲೆ ಬೆಂಚಿನ ಕಡೆ ತಿರುಗಿ, ಭಾಯೀಸಾಬ್, ನೀವು ನಾಲ್ಕೂ ದಿನ ಕೆಂಪು ಅಂದಿದ್ದಿರಲ್ಲ ಎಂದು ಕೂಗಿದಳು. ಇವರು ಪೇಪರ್ ಇಳಿಸದೆ, ಆ ದಿನ ಕನ್ನಡಕ ಹಾಕಿಕೊಂಡಿರಲಿಲ್ಲ ಎಂದರು. ಒಂದೇ ಸಲ ಎಂದಿದ್ದ ಸುಳ್ಳು ಎರಡಾಯಿತು.

ಎಲ್ಲರೂ ನಕ್ಕರು, ಬಬಿತಾ ಮಾತ್ರ ನಗಲಿಲ್ಲ. ನೆಲ ಜಾರಿದ್ದನ್ನು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ನನ್ನನ್ನು ಕೊಳದ ಆಚೆ ತುದಿಗೆ, ಕಾಲು ಎಟುಕದ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿಗೆ ನಾನು ಎಂದೂ ಹೋದವಳಲ್ಲ. ಮೊದಲ ದಿನ ಅಂಚಿನ ಸರಳನ್ನು ಬಿಡಲಿಲ್ಲ. ಎರಡನೆಯ ದಿನ ಬಿಟ್ಟು ಹಿಡಿದೆ. ಐದನೆಯ ದಿನ ಬಿಟ್ಟವಳು ಹಿಡಿಯಲು ಮರೆತೆ. ಕಾಲ ಕೆಳಗೆ ನೆಲ ಬೇಕೇ ಬೇಕು ಎಂದುಕೊಂಡಿದ್ದರಿಂದಲೇ ಅದು ಜಾರಿದಾಗ ಜೀವ ಹೋದ ಹಾಗಾಗಿತ್ತು. ಇಲ್ಲಿ ಜಾರಲು ನೆಲವೇ ಇಲ್ಲ. ನೀರಿನ ಮೇಲೆ ನಾನಿದ್ದೆ, ಅಷ್ಟೇ. ಬಾಕಿ ಫೈಲುಗಳೂ ಅವತ್ತು ಬರಲಿಲ್ಲ.

ನಾಗರತ್ನನಿಗೆ ಫೋನು ಮಾಡಿದೆ. ಈಗ ದಾವಣಗೆರೆಯಲ್ಲಿದ್ದಾಳೆ, ಮೊಮ್ಮಕ್ಕಳ ಅಜ್ಜಿ. ಕಾರವಾರದ ಸಮುದ್ರ ಯಾವ ತಿಂಗಳು ಸುಮ್ಮನಿರುತ್ತೆ ಎಂದು ಕೇಳಿದೆ. “ಜನವರಿಯಲ್ಲಿ ಕಣೇ. ಜೂನ್‌ನಲ್ಲಿ ಹೋಗ್ತಾರೇನೇ ಯಾರಾದ್ರೂ?” ಅಂದಳು. ಅವಳಿಗೂ ಅಲ್ಲಿಗೆ ಬರಬೇಕಂತೆ. ಬಾಟಲಿ ತರಬೇಡ ಎಂದೆ.

ಹೋದ ವಾರ ರಜೆಯ ಅರ್ಜಿ ಬರೆದೆ. ನಮ್ಮ ಅರ್ಜಿಯಲ್ಲಿ ರಜೆಯ ಕಾರಣ ಎಂದು ಒಂದು ಸಾಲಿದೆ. ಆ ಸಾಲಿನಲ್ಲಿ ಎಲ್ಲರೂ ಬರೆಯುವುದು ಮನೆಕೆಲಸ ಎಂದೇ. ಅಪ್ಪ ತೀರಿಕೊಂಡಾಗ ಮನೆಕೆಲಸ ಎಂದು ಬರೆದಿದ್ದೆ, ಮಗಳ ಮೊದಲ ದಿನದ ಶಾಲೆಗೂ ಮನೆಕೆಲಸ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಬದುಕಿನಲ್ಲಿ ಏನೇನಾಯಿತು ಎಂದು ಸರ್ಕಾರಕ್ಕೆ ಗೊತ್ತೇ ಇಲ್ಲ. ಈ ಸಲ ಬರೆದೆ: ಸಮುದ್ರದಲ್ಲಿ ಈಜಲು. ನಮ್ಮ ಅಂಡರ್ ಸೆಕ್ರೆಟರಿ ಒಳ್ಳೆಯ ಹುಡುಗ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವನಿರಬಹುದು. ಒಳಗೆ ಕರೆದು, “ಮೇಡಂ, ಘರೇಲೂ ಕಾಮ್ ಲಿಖ್ ದೀಜಿಯೇ ನಾ. ಕೌನ್ ಪೂಛ್ತಾ ಹೈ?” ಅಂದ. ಯಾರು ಕೇಳುತ್ತಾರೆ ಎಂದು. “ಸರ್, ಕೋಯೀ ಪೂಛೇ, ಇಸೀಲಿಯೇ ಲಿಖಾ ಹೈ” ಎಂದೆ. ಯಾರಾದರೂ ಕೇಳಲಿ ಎಂದೇ ಬರೆದಿದ್ದೇನೆ. ಅವನು ಪೆನ್ನು ತೆಗೆದು ಸಹಿ ಹಾಕಿದ. ಸಂಜೆಯೊಳಗೆ ಸೆಕ್ಷನ್ನಿನವರಿಗೆಲ್ಲ ಗೊತ್ತಾಯಿತು. ಡಿಸ್ಪ್ಯಾಚಿನ ಗುಮಾಸ್ತರೂ ಕೇಳಿದರು. ವಾಪಸು ಬಂದ ದಿನ ಇವರೆಲ್ಲ ಮತ್ತೆ ಕೇಳುತ್ತಾರೆ.

ಅರ್ಜಿಯ ಪ್ರತಿಯನ್ನು ಮನೆಗೆ ತಂದೆ. ಇವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಒಂದು ಹೊಸ ಫೈಲು ತೆಗೆದು, ತೂತು ಮಾಡಿ, ದಾರದ ಬದಲು ಆ ಕಿತ್ತಳೆ ಪಟ್ಟಿಯನ್ನೇ ಪೋಣಿಸಿದರು.

“ಈ ಸಲ ಗಾಳಿ ಇತ್ತು ಅಂತ ಹೇಳಲ್ಲ ರೀ” ಎಂದೆ.

“ನಿಜವಾಗ್ಲೂ ಇದ್ರೆ?”

“ಇದ್ರೆ ನಿಲ್ಲೋ ತನಕ ಅಲ್ಲೇ ಇರೋದು.”

ಇವತ್ತು ಬೆಳಿಗ್ಗೆ ಫೈಲು ತೆರೆದು ನೋಡಿದೆ. ನನ್ನ ಅರ್ಜಿಯ ಕೆಳಗೆ ಇನ್ನೊಂದು ಹಾಳೆ ಸೇರಿಸಿದ್ದಾರೆ. ರಜೆಯನ್ನು ಮುಂದುವರಿಸಲು ಕೋರುವ ಅರ್ಜಿ, ಇವರ ದುಂಡು ಅಕ್ಷರದಲ್ಲಿ. ದಿನಾಂಕದ ಜಾಗ ಖಾಲಿ ಬಿಟ್ಟಿದ್ದಾರೆ, ನನ್ನ ಸಹಿಯ ಜಾಗವನ್ನೂ. ಕಾರಣದ ಸಾಲನ್ನು ಮಾತ್ರ ತುಂಬಿದ್ದಾರೆ: ಗಾಳಿ.